ರಾಜ್ಯೋತ್ಸವಕ್ಕೆ 60 ಟೇಪಿನ ಹೂ: ಹಳದಿ ಎಸಳಿನ ಅಂಚು ಕಪ್ಪಾಗುತ್ತಿದೆ, ಕ್ಲಿಪ್ಪಿನಿಂದ ಹೂ ಕಳಚಿ ಬೀಳುತ್ತಿದೆ

ಟೇಪುಹೂ, ಮಂಡ್ಯ
ಅಕ್ಟೋಬರ್ 12, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಸ್ಯಾಟಿನ್ ರಿಬ್ಬನ್‌ನಿಂದ ಹೂ ಮಾಡಿ ಕ್ಲಿಪ್ಪಿಗೆ, ಹೇರ್‌ಬ್ಯಾಂಡಿಗೆ ಕೂರಿಸುತ್ತೇನೆ. ನಮ್ಮಮ್ಮ ರಿಬ್ಬನ್ ಅನ್ನುವುದಿಲ್ಲ, ಈಗಲೂ ಟೇಪು ಅಂತಲೇ ಕರೆಯುತ್ತಾರೆ. ಅದಕ್ಕೇ ಈ ಹೆಸರು.

ನಮ್ಮ ಬೀದಿಯ ಶಾಲೆಯಲ್ಲಿ ನವೆಂಬರ್ 1ಕ್ಕೆ ಮಕ್ಕಳ ನೃತ್ಯ ಇದೆ. 30 ಹುಡುಗಿಯರು, ಎಲ್ಲರಿಗೂ ಎರಡು ಜಡೆ. ಒಂದೊಂದು ಜಡೆಗೂ ಒಂದು ಹಳದಿ ಕೆಂಪು ಹೂ ಬೇಕು. ಒಟ್ಟು 60. ಹೊರಗಿನ ಸುತ್ತು 6 ಹಳದಿ ಎಸಳು, ಒಳಗೆ 5 ಕೆಂಪು ಎಸಳು, ನಡುವೆ ಒಂದು ಮುತ್ತು.

ತೊಂದರೆ ಎರಡು. ನೂಲು ಬಿಡದಿರಲಿ ಅಂತ ಮೇಣದ ಬತ್ತಿಯಲ್ಲಿ ಅಂಚು ಸುಡುತ್ತೇನೆ. ಕೆಂಪಿನಲ್ಲಿ ಏನೂ ಕಾಣುವುದಿಲ್ಲ. ಹಳದಿಯಲ್ಲಿ ಮಾತ್ರ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಗೆರೆ ಬರುತ್ತದೆ. ಎರಡನೆಯದು ಅಂಟಿನದು. ಮಾದರಿಗೆ ಅಂತ 8 ಹೂ ಕೊಟ್ಟಿದ್ದೆ. ಮಕ್ಕಳು ಒಂದು ಸಲ ಕುಣಿಯುವಷ್ಟರಲ್ಲಿ 3 ಕಳಚಿ ಬಿದ್ದವು. ಅಂಟಿನ ಕಡ್ಡಿ ಕರಗಿಸಿ ಹಾಕುವ ಗ್ಲೂ ಗನ್‌ನಿಂದ ಟಿಕ್‌ಟಾಕ್ ಕ್ಲಿಪ್ಪಿಗೆ (ಒತ್ತಿದರೆ ಟಕ್ಕನೆ ಮುಚ್ಚುವ ಲೋಹದ ಕ್ಲಿಪ್) ಅಂಟಿಸಿದ್ದೆ. ಒಂದು ಮಗು ಬಿದ್ದ ಹೂ ಹಿಡಿದುಕೊಂಡು ಅಳುತ್ತಾ ನಿಂತಿತ್ತು. ಅದನ್ನು ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಯಾರಾದರೂ ದಾರಿ ಹೇಳಿ.

ಜಡೆಬಿಲ್ಲೆ, ಮೈಸೂರು
ಅಕ್ಟೋಬರ್ 12, ರಾತ್ರಿ 10:15

ಮೊದಲು ಒಂದು ವಿಷಯ ಹೇಳಮ್ಮ. ಮಡಚುವ ಮುಂಚೆ ಚೌಕದ ನಾಲ್ಕೂ ಬದಿ ಸುಡುತ್ತಿದ್ದೀಯಾ?

ಟೇಪುಹೂ, ಮಂಡ್ಯ
ಅಕ್ಟೋಬರ್ 12, ರಾತ್ರಿ 10:22

ಹೌದು ಅಮ್ಮ. 2 ಇಂಚಿನ ರಿಬ್ಬನ್‌ನಿಂದ 5 ಸೆಂ.ಮೀ. ಚೌಕ ಕತ್ತರಿಸಿ, ನಾಲ್ಕೂ ಕಡೆ ಸುಟ್ಟು, ಆಮೇಲೆ ಮಡಚುತ್ತೇನೆ.

ಜಡೆಬಿಲ್ಲೆ, ಮೈಸೂರು
ಅಕ್ಟೋಬರ್ 12, ರಾತ್ರಿ 10:50

ಅಲ್ಲೇ ಇರುವುದು ತಪ್ಪು. ರಿಬ್ಬನ್‌ನ ಉದ್ದದ ಎರಡೂ ಬದಿ ಮಗ್ಗದಲ್ಲೇ ನೇಯ್ದು ಬಂದ ಅಂಚು. ಅದು ನೂಲು ಬಿಡುವುದೇ ಇಲ್ಲ. ಕತ್ತರಿ ಬಿದ್ದ ಎರಡು ಬದಿ ಮಾತ್ರ ಬಿಡುತ್ತದೆ. ಆ ಎರಡನ್ನೂ ಈಗಲೇ ಸುಡಬೇಕಿಲ್ಲ.

ಚೂಪು ಎಸಳಿಗೆ ಮೂಲೆಯಿಂದ ಮೂಲೆಗೆ ಮಡಚಿದರೆ ತ್ರಿಕೋನ. ಅದನ್ನು ಅರ್ಧಕ್ಕೆ ಮಡಚು. ಮತ್ತೆ ಅರ್ಧಕ್ಕೆ ಮಡಚು. ಈಗ ಕತ್ತರಿಸಿದ ಅಂಚೆಲ್ಲ ಬುಡದ ಕಡೆ ಬಂದಿರುತ್ತದೆ. ಮೇಲೆ ಕಾಣುವುದು ಬರೀ ಮಡಿಕೆ. ಬುಡವನ್ನು ಓರೆಯಾಗಿ ಸಮ ಮಾಡಿ ಕತ್ತರಿಸು. ಚಿಮುಟದಲ್ಲಿ ಹಿಡಿ, ಒಂದು ಮಿಲಿಮೀಟರಿನಷ್ಟು ಮಾತ್ರ ಹೊರಗೆ ಇರಲಿ. ಬೆಂಕಿಗೆ ಒಂದೇ ಸಲ ತೋರಿಸು, ಬಿಸಿ ಇರುವಾಗಲೇ ಚಿಮುಟದಿಂದ ಅದುಮು. ಎಲ್ಲ ಪದರಗಳೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕಪ್ಪಾದರೂ ಅದು ಹೂವಿನ ಕೆಳಗೆ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಎಸಳಿಗೆ ನಾಲ್ಕು ಸಲ ಸುಡುವ ಕಡೆ ಒಂದು ಸಲ ಸಾಕು. ನಿನ್ನ ಸಮಯವೂ ಉಳಿಯಿತು.

ನೂಲಿನ ಮೇಷ್ಟ್ರು
ಅಕ್ಟೋಬರ್ 13, ಬೆಳಿಗ್ಗೆ 6:30

ಜಡೆಬಿಲ್ಲೆ ಅವರ ಮಾತು ಸರಿ. ಕಪ್ಪು ಏಕೆ ಬರುತ್ತದೆ ಅನ್ನುವುದನ್ನೂ ತಿಳಿದುಕೊಂಡರೆ ಕೈ ತಾನೇ ಸರಿಹೋಗುತ್ತದೆ.

ಸ್ಯಾಟಿನ್ ಅನ್ನುವುದು ನೂಲಿನ ಹೆಸರಲ್ಲ, ನೇಯ್ಗೆಯ ಹೆಸರು. ಸಾದಾ ಬಟ್ಟೆಯಲ್ಲಿ ನೂಲು ಒಂದರ ಮೇಲೆ, ಒಂದರ ಕೆಳಗೆ ಹೋಗುತ್ತದೆ. ಸ್ಯಾಟಿನ್‌ನಲ್ಲಿ ನಾಲ್ಕರ ಮೇಲೆ ಹಾದು ಒಂದರ ಕೆಳಗೆ ಹೋಗುವುದು ಸಾಮಾನ್ಯ. ಕೆಲವದರಲ್ಲಿ ಏಳರ ಮೇಲೆ. ಮೇಲೆ ಉದ್ದಕ್ಕೆ ಮಲಗಿದ ಆ ನೂಲುಗಳಿಂದಲೇ ಹೊಳಪು ಬರುವುದು. ಹಿಡಿತ ಕಡಿಮೆ ಇರುವುದರಿಂದ ಕತ್ತರಿಸಿದ ತಕ್ಷಣ ನೂಲು ಬಿಡುವುದೂ ಅದಕ್ಕೇ. ಬಳೆಗೆ, ಉಗುರಿಗೆ ಸಿಕ್ಕಿ ಎಳೆ ಎದ್ದು ಬರುವುದೂ ಅದಕ್ಕೇ.

ಈಗ ಅಂಗಡಿಯಲ್ಲಿ ಸಿಗುವ ರಿಬ್ಬನ್ ಹೆಚ್ಚಾಗಿ ಪಾಲಿಯೆಸ್ಟರ್. ಅದು ಸುಮಾರು 250ರಿಂದ 260 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಮೇಣದ ಬತ್ತಿಯ ಜ್ವಾಲೆ 1000 ಡಿಗ್ರಿ ದಾಟುತ್ತದೆ. ಹಾಗಾಗಿ ಜ್ವಾಲೆಯ ಒಳಗೆ ಇಡುವ ಅಗತ್ಯವೇ ಇಲ್ಲ, ಪಕ್ಕಕ್ಕೆ ತಂದರೆ ಸಾಕು. ಜ್ವಾಲೆಯ ಹಳದಿ ಭಾಗದಲ್ಲಿ ಸರಿಯಾಗಿ ಉರಿಯದ ಇಂಗಾಲದ ಕಣಗಳಿರುತ್ತವೆ. ಅದೇ ನಿಮ್ಮ ಕಾಡಿಗೆ. ಬುಡದ ನೀಲಿ ಭಾಗದಲ್ಲಿ ಮಸಿ ತೀರಾ ಕಡಿಮೆ. ಬತ್ತಿ ಉದ್ದವಾಗಿದ್ದರೆ ಹೊಗೆ ಜಾಸ್ತಿ, ಆಗಾಗ ಕತ್ತರಿಸಿ. ಫ್ಯಾನ್ ಆರಿಸಿ, ಗಾಳಿಗೆ ಜ್ವಾಲೆ ಅಲ್ಲಾಡಿದರೂ ಮಸಿ ಹತ್ತುತ್ತದೆ. ಆದರೆ ಕಿಟಕಿ ತೆರೆದಿರಲಿ, ಆ ಹೊಗೆ ಎದೆಗೆ ಒಳ್ಳೆಯದಲ್ಲ. ಸ್ಪಿರಿಟ್ ದೀಪ ಇದ್ದರೆ ಇನ್ನೂ ಒಳ್ಳೆಯದು.

ಶ್ರೀರಂಗಪಟ್ಟಣದ ಸೊಸೆ
ಅಕ್ಟೋಬರ್ 13, ಬೆಳಿಗ್ಗೆ 11:05

ನಾನು ಜ್ವಾಲೆಯನ್ನೇ ಬಿಟ್ಟೆ. ಸಣ್ಣ ಕೆಲಸಕ್ಕೆ ಊದುಬತ್ತಿ ಸಾಕು. ಕೆಂಡದ ತುದಿಯನ್ನು ಅಂಚಿಗೆ ಮೆಲ್ಲಗೆ ಸವರಿದರೆ ನೂಲು ಕರಗಿ ನಿಲ್ಲುತ್ತದೆ. ಮೊದಲು ಬೂದಿ ಕೊಡವಬೇಕು, ಇಲ್ಲದಿದ್ದರೆ ಬೂದಿಯ ಕಲೆ ಆಗುತ್ತದೆ. ಹೆಚ್ಚು ಹೂ ಇದ್ದರೆ ಸೋಲ್ಡರಿಂಗ್ ಐರನ್, ಅಂದರೆ ಕರೆಂಟಿನಲ್ಲಿ ತುದಿ ಕಾಯುವ ಕಡ್ಡಿ. ನೆಲದ ಟೈಲ್ಸ್ ತುಂಡಿನ ಮೇಲೆ ರಿಬ್ಬನ್ ಹಾಸಿ, ಕಬ್ಬಿಣದ ಸ್ಕೇಲ್ ಇಟ್ಟು ತುದಿಯಿಂದ ಗೆರೆ ಎಳೆದರೆ ಕತ್ತರಿಸುವುದು, ಅಂಚು ಮುಚ್ಚುವುದು ಎರಡೂ ಒಟ್ಟಿಗೇ ಆಗುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ನೈಲಾನ್ ನೈಟಿ, ಜಾರುವ ದುಪಟ್ಟಾ ಹಾಕಿಕೊಂಡು ಬೆಂಕಿಯ ಮುಂದೆ ಕೂರಬೇಡಿ. ಹತ್ತಿ ಬಟ್ಟೆ ಹಾಕಿ. ಕೂದಲು ತುರುಬು ಕಟ್ಟಿ. ಪಕ್ಕದಲ್ಲಿ ನೀರಿನ ಬಟ್ಟಲು ಇರಲಿ. ಕರಗಿದ ಪಾಲಿಯೆಸ್ಟರ್ ಬೆರಳಿಗೆ ಹತ್ತಿದರೆ ಕಿತ್ತು ತೆಗೆಯಬೇಡಿ, ಚರ್ಮವೂ ಕಿತ್ತು ಬರುತ್ತದೆ. ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು, ಆಮೇಲೆ ಡಾಕ್ಟರಿಗೆ ತೋರಿಸಿ. ನನ್ನ ಹೆಬ್ಬೆರಳಿನ ಮೇಲೆ ಗುರುತು ಇನ್ನೂ ಇದೆ.

ಫ್ಯಾನ್ಸಿ ಅಂಗಡಿ, ಮೈಸೂರು
ಅಕ್ಟೋಬರ್ 13, ಮಧ್ಯಾಹ್ನ 3:20

ಅಕ್ಕ, ರಿಬ್ಬನ್ ಕೊಳ್ಳುವಾಗ ಎರಡು ನೋಡಿ. ಒಂದು, ನೇಯ್ದ ಅಂಚಿನದೇ ಅಂತ. ದೊಡ್ಡ ಹಾಳೆಯನ್ನು ಬಿಸಿಯಲ್ಲಿ ಸೀಳಿ ಮಾಡಿದ ರಿಬ್ಬನ್ನೂ ಬರುತ್ತದೆ. ಅದು ಹೂಗುಚ್ಛ ಕಟ್ಟಲು ಸರಿ, ಮಡಚಿದರೆ ಗಡಸು. ಎರಡು, ಒಂದೇ ಕಡೆ ಹೊಳಪೋ ಎರಡೂ ಕಡೆ ಹೊಳಪೋ ಅಂತ. ನಿಮ್ಮ ಮಡಿಕೆ ಎಸಳಿಗೆ ಒಂದು ಕಡೆ ಹೊಳಪಿನದು ಸಾಕು, ಮಂಕು ಬದಿ ಒಳಗೆ ಹೋಗುತ್ತದೆ. ಸುತ್ತುವ ಗುಲಾಬಿಗೆ ಮಾತ್ರ ಎರಡೂ ಕಡೆ ಹೊಳಪು ಬೇಕು, ಅದರಲ್ಲಿ ರಿಬ್ಬನ್ ಮಗುಚಿಕೊಳ್ಳುತ್ತಾ ಹೋಗುತ್ತದೆ ಅಲ್ವಾ.

ಲೆಕ್ಕ ಹಾಕಿ ಕೊಡುತ್ತೇನೆ. ಹಳದಿ ಎಸಳು ಒಂದಕ್ಕೆ 5 ಸೆಂ.ಮೀ., 6 ಎಸಳಿಗೆ 30, 60 ಹೂವಿಗೆ 18 ಮೀಟರ್. ಕೆಂಪು ಒಂದೂವರೆ ಇಂಚಿನದು ತಗೊಂಡರೆ ಎಸಳಿಗೆ 4 ಸೆಂ.ಮೀ., 60 ಹೂವಿಗೆ 12 ಮೀಟರ್. 25 ಗಜದ ಸುರುಳಿ ಅಂದರೆ ಸುಮಾರು 22.9 ಮೀಟರ್. ಒಂದೊಂದು ಸುರುಳಿ ಸಾಕು. ಎರಡು ಸಲ ಕೊಳ್ಳಬೇಡಿ, ಒಂದೇ ಸಲ ತನ್ನಿ. ಬೇರೆ ಲಾಟಿನಲ್ಲಿ ಹಳದಿ ಅರಿಶಿನಕ್ಕೆ ತಿರುಗಿರುತ್ತದೆ, ಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ.

ಪಾಂಡವಪುರ ಅಮ್ಮ
ಅಕ್ಟೋಬರ್ 13, ಸಂಜೆ 6:45

ಅಣ್ಣ ಹೇಳಿದ್ದು ನಿಜ. ನಾನು ಒಂದು ಸಲ ಆನ್‌ಲೈನ್‌ನಲ್ಲಿ ಚಿತ್ರ ನೋಡಿ 10 ಸುರುಳಿ ತರಿಸಿದೆ. ಬಂದದ್ದು ಈರುಳ್ಳಿ ಸಿಪ್ಪೆಯಷ್ಟು ತೆಳು. ಮಡಚಿದರೆ ನಿಲ್ಲಲಿಲ್ಲ, ಬೆಂಕಿ ಕಂಡರೆ ಮುದುರಿತು. ವಾಪಸ್ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಕೈಯಲ್ಲಿ ಮುಟ್ಟಿ ನೋಡದೆ ರಿಬ್ಬನ್ ಕೊಳ್ಳುವುದಿಲ್ಲ.

ನನ್ನದೊಂದು ಪ್ರಶ್ನೆ. ಅಮ್ಮನ ಹಳೆಯ ಮೈಸೂರು ಸಿಲ್ಕ್ ಸೀರೆ ಇದೆ. ಮಡಿಕೆಯಲ್ಲಿ ಹರಿದಿದೆ. ಅದರಿಂದ ಹೂ ಮಾಡಬಹುದಾ?

ನೂಲಿನ ಮೇಷ್ಟ್ರು
ಅಕ್ಟೋಬರ್ 14, ಬೆಳಿಗ್ಗೆ 6:40

ಖಂಡಿತ ಮಾಡಬಹುದು ತಾಯಿ. ಆದರೆ ಬೆಂಕಿ ತೋರಿಸಬೇಡಿ. ರೇಷ್ಮೆ ಕರಗುವುದಿಲ್ಲ, ಸುಟ್ಟ ಕೂದಲಿನ ವಾಸನೆ ಬಂದು ಪುಡಿಯಾಗುತ್ತದೆ. ಯಾವ ರಿಬ್ಬನ್ ಏನು ಅಂತ ಪರೀಕ್ಷಿಸಲೂ ಇದೇ ದಾರಿ. ಒಂದು ಎಳೆ ಸುಟ್ಟು ನೋಡಿ. ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಥರದ್ದು, ಕಾಗದದ ಹಾಗೆ ಉರಿದರೆ ಹತ್ತಿ ಅಥವಾ ರೇಯಾನ್.

ಈ ಮಡಿಕೆ ಎಸಳು ಜಪಾನಿನದು. ಅಲ್ಲಿ ಇದಕ್ಕೆ ತ್ಸುಮಾಮಿ ಕಾನ್ಜಾಶಿ ಅನ್ನುತ್ತಾರೆ. ತ್ಸುಮಾಮಿ ಅಂದರೆ ಚಿವುಟಿ ಹಿಡಿಯುವುದು. ಕಾನ್ಜಾಶಿ ಅಂದರೆ ತಲೆಗೂದಲಿನ ಆಭರಣ. ಎಡೋ ಕಾಲದಿಂದ (1603ರಿಂದ 1868) ನಡೆದುಬಂದ ಕೆಲಸ ಅದು. ಅವರು ತೆಳು ರೇಷ್ಮೆಯ ಚೌಕವನ್ನು ಚಿಮುಟದಲ್ಲಿ ಮಡಚಿ, ಅಕ್ಕಿಯ ಅಂಟಿನ ಮೇಲೆ ಕೂರಿಸುತ್ತಾರೆ. ಬೆಂಕಿಯ ಕೆಲಸವೇ ಇಲ್ಲ. ಕ್ಯೋಟೋದ ಮೈಕೋ ಹುಡುಗಿಯರು, ಅಂದರೆ ಗೇಶಾ ಕಲೆ ಕಲಿಯುತ್ತಿರುವವರು, ತಿಂಗಳಿಗೊಂದು ಬಗೆಯ ಹೂ ಮುಡಿಯುತ್ತಾರೆ. ನಮ್ಮ ಮನೆಯ ಗಂಜಿಯೂ ಅಕ್ಕಿಯದೇ. ಸೀರೆಯ ತುಂಡನ್ನು ಗಂಜಿಯಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಆಮೇಲೆ ಕತ್ತರಿಸಿ. ಮೈಸೂರು ಸಿಲ್ಕ್ ಕ್ರೇಪ್ ನೇಯ್ಗೆ, ಅಂದರೆ ಬಿಗಿಯಾಗಿ ಹುರಿ ಮಾಡಿದ ನೂಲಿನ ಮೆತ್ತನೆಯ ಬಟ್ಟೆ, ಗಂಜಿ ಇಲ್ಲದೆ ಮಡಿಕೆ ಹಿಡಿಯುವುದಿಲ್ಲ.

ನಾಟ್ಯ ಟೀಚರ್, ಮೈಸೂರು
ಅಕ್ಟೋಬರ್ 14, ರಾತ್ರಿ 8:30

ಎರಡನೇ ತೊಂದರೆಗೆ ಬರುತ್ತೇನೆ. ಇದನ್ನು ನಾನು ದಿನಾ ನೋಡುತ್ತೇನೆ.

ಹೂ ಕಳಚುವುದಕ್ಕೆ ಕಾರಣ ಅಂಟು ಒಂದೇ ಅಲ್ಲ. ಕೊಬ್ಬರಿ ಎಣ್ಣೆಯೂ ಸೇರಿದೆ. ಕಾರ್ಯಕ್ರಮದ ದಿನ ಬೆಳಿಗ್ಗೆ ಅಮ್ಮಂದಿರು ಮಕ್ಕಳ ತಲೆಗೆ ಚೆನ್ನಾಗಿ ಎಣ್ಣೆ ಬಳಿದು ಬಿಗಿಯಾಗಿ ಜಡೆ ಹೆಣೆಯುತ್ತಾರೆ. ಕ್ಲಿಪ್ ಜಾರುತ್ತದೆ. ಎಣ್ಣೆ ಅಂಟಿನ ಕೆಳಗೆ ಇಳಿಯುತ್ತದೆ. ನಯವಾದ ಲೋಹದ ಮೇಲೆ ಗ್ಲೂ ಗನ್ನಿನ ಅಂಟು ಮೊದಲೇ ಸರಿಯಾಗಿ ಹಿಡಿದಿರುವುದಿಲ್ಲ. ಮೇಲೆ ಬಿಸಿಲಿಗೆ ಆ ಅಂಟು ಮೆತ್ತಗಾಗುತ್ತದೆ. ಅಲ್ಲಿಗೆ ಮುಗಿಯಿತು.

ನಾನು ಮಾಡುವುದು ಹೀಗೆ. ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾಗಿ ಫೆಲ್ಟ್ ಬಟ್ಟೆಯನ್ನು (ನೇಯದೆ ಒತ್ತಿ ಮಾಡಿದ ದಪ್ಪ ಬಟ್ಟೆ) ದುಂಡಗೆ ಕತ್ತರಿಸುತ್ತೇನೆ. ಅದರಲ್ಲಿ ಎರಡು ಸಣ್ಣ ಸೀಳು. ಕ್ಲಿಪ್ಪಿನ ಮೇಲಿನ ಪಟ್ಟಿಯನ್ನು ಆ ಸೀಳಿನಲ್ಲಿ ತೂರಿಸುತ್ತೇನೆ. ಆಮೇಲೆ ಹೂವಿನ ಬುಡಕ್ಕೂ ಫೆಲ್ಟಿಗೂ ಸುತ್ತ ಕೈಹೊಲಿಗೆ, ಜೋಡಿ ನೂಲಿನಲ್ಲಿ. ಅಂಟು ಹಾಕುವುದು ಹೊಲಿಗೆ ಮುಗಿದ ಮೇಲೆ, ಅದೂ ಒಂದೇ ತೊಟ್ಟು. ಹೂ ನಿಲ್ಲುವುದು ದಾರದಿಂದ. ಇದನ್ನು ನಾನು ಪೂರ್ತಿ ನಂಬುತ್ತೇನೆ. ಎಸಳುಗಳನ್ನೂ ಹಾಗೆಯೇ, ಸೂಜಿಯಲ್ಲಿ ಬುಡ ಪೋಣಿಸಿ, ದಾರ ಎಳೆದು ಗಂಟು ಹಾಕಿ. ಬರೀ ಅಂಟಿನ ಹೂ ನನ್ನ ಮಕ್ಕಳ ತಲೆಗೆ ಹಾಕುವುದಿಲ್ಲ.

ಎರಡು ಜಡೆಗೆ ಕ್ಲಿಪ್ಪೇ ಬೇಕು ಅಂತಿಲ್ಲ. ಫೆಲ್ಟಿನ ಹಿಂದೆ ಕಪ್ಪು ಎಲಾಸ್ಟಿಕ್ ಬಳೆ ಹೊಲಿದರೆ ಜಡೆಗೆ ಎರಡು ಸುತ್ತು ಹಾಕಬಹುದು. ಕುಣಿಯುವ ಮಕ್ಕಳಿಗೆ ಅದು ವಾಸಿ. ತಲೆಯ ಮೇಲೆ ಮುಡಿಸುವುದಾದರೆ ಎರಡು ಯು ಪಿನ್ ಅಡ್ಡಡ್ಡ ಚುಚ್ಚಿ. ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಚ್ಚಿ, ಬೆಳಿಗ್ಗೆ ತಲೆ ತೊಳೆಯಿರಿ ಅಂತ ಅಮ್ಮಂದಿರಿಗೆ ಮೊದಲೇ ಹೇಳಿ.

ಟೇಪುಹೂ, ಮಂಡ್ಯ
ಅಕ್ಟೋಬರ್ 14, ರಾತ್ರಿ 9:15

ಟೀಚರ್, ನಿಮ್ಮ ಮಾತು ಓದಿ ಮನೆಯಲ್ಲಿದ್ದ 5 ಹೂವನ್ನೂ ಬಿಚ್ಚಿದೆ. ಅಂಟು ಉಗುರಿನಿಂದ ಎಬ್ಬಿಸಿದರೆ ಹಾಗೇ ಹಪ್ಪಳದ ಥರ ಎದ್ದು ಬಂತು. ಇಷ್ಟು ದಿನ ಜನರಿಗೆ ಇಂಥದ್ದನ್ನು ಕೊಟ್ಟೆನಲ್ಲ ಅಂತ ಬೇಜಾರಾಯಿತು. ಎಲಾಸ್ಟಿಕ್ ಮಾಡುತ್ತೇನೆ.

ಹೂ ಮುಡಿಯುವವಳು
ಅಕ್ಟೋಬರ್ 15, ಬೆಳಿಗ್ಗೆ 10:00

ನನ್ನ ಮಾತು ಯಾರಿಗೂ ನೋವು ಮಾಡದಿರಲಿ. ದೇವರಾಜ ಮಾರುಕಟ್ಟೆಯಲ್ಲಿ ಮಾರು ಮಾರು ಮಲ್ಲಿಗೆ, ಕನಕಾಂಬರ ಸಿಗುವ ಊರು ನಮ್ಮದು. ಮೈಸೂರು ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬೇರೆ ಸಿಕ್ಕಿದೆ. ರಾಜ್ಯೋತ್ಸವದ ದಿನ ಮಕ್ಕಳಿಗೆ ಪ್ಲಾಸ್ಟಿಕ್ ನೂಲಿನ ಹೂ, ಅದೂ ಜಪಾನಿನ ಮಾದರಿಯದು ಯಾಕೆ? ಹೂ ಕಟ್ಟುವವರಿಗೂ ಆ ದಿನ ನಾಲ್ಕು ಕಾಸು ಸಿಗಬೇಕಲ್ಲವೇ?

ನಾಟ್ಯ ಟೀಚರ್, ಮೈಸೂರು
ಅಕ್ಟೋಬರ್ 15, ಬೆಳಿಗ್ಗೆ 10:40

ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ವೇದಿಕೆಯ ಮೇಲೆ ಉದುರಿದ ಮಲ್ಲಿಗೆ ಎಸಳಿನ ಮೇಲೆ ಬರಿಗಾಲು ಜಾರುತ್ತದೆ. ನನ್ನ ಒಬ್ಬಳು ಹುಡುಗಿಯ ಮಣಿಕಟ್ಟು ಹಾಗೆಯೇ ಉಳುಕಿತು. ಇನ್ನೊಬ್ಬಳಿಗೆ ಮಲ್ಲಿಗೆಯ ವಾಸನೆ ಬಂದರೆ ತಲೆನೋವು. ಮನೆಯಲ್ಲಿ, ಮದುವೆಯಲ್ಲಿ ನಿಜವಾದ ಹೂವೇ ಚೆಂದ. ಕುಣಿಯುವಾಗ ಮಾತ್ರ ಬಟ್ಟೆಯದು ಇರಲಿ ಅನ್ನುತ್ತೇನೆ.

ಜಡೆಬಿಲ್ಲೆ, ಮೈಸೂರು
ಅಕ್ಟೋಬರ್ 15, ಮಧ್ಯಾಹ್ನ 2:10

ಇಬ್ಬರ ಮಾತೂ ಸರಿ ಇದೆ. ಆದರೆ ಮಾದರಿ ಜಪಾನಿನದೇ ಆಗಬೇಕು ಅಂತ ಯಾರು ಹೇಳಿದರು? ನಮ್ಮ ಹೂವನ್ನೇ ರಿಬ್ಬನ್‌ನಲ್ಲಿ ಮಾಡಬಹುದು. ನಾನು ಮಾಡುತ್ತೇನೆ.

ನನ್ನ ಚಿಕ್ಕಂದಿನಲ್ಲಿ ಮೈಸೂರಿನ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಮೊಗ್ಗಿನ ಜಡೆ. ಬಿಡಿ ಮೊಗ್ಗುಗಳನ್ನು ಒಂದೊಂದಾಗಿ ಹೊಲಿದು ಜಡೆಯ ಉದ್ದಕ್ಕೂ ಕೂರಿಸುತ್ತಿದ್ದರು. ನಡುನಡುವೆ ಕನಕಾಂಬರ, ತುದಿಗೆ ಕುಚ್ಚು. ಆಮೇಲೆ ಸ್ಟುಡಿಯೋಗೆ ಹೋಗಿ ಫೋಟೋ. ಹಿಂದೆ ಕನ್ನಡಿ ಇಟ್ಟು, ಮುಖವೂ ಜಡೆಯೂ ಎರಡೂ ಕಾಣುವ ಹಾಗೆ ನಿಲ್ಲಿಸುತ್ತಿದ್ದರು. ನನ್ನ ಹತ್ತಿರ ಆ ಫೋಟೋ ಈಗಲೂ ಇದೆ. ಸಂಜೆಗೆ ಮೊಗ್ಗು ಬಿರಿದು ಮನೆಯೆಲ್ಲಾ ಘಮ್ಮೆನ್ನುತ್ತಿತ್ತು. ಮರುದಿನ ಬೆಳಿಗ್ಗೆ ಕಂದಿರುತ್ತಿತ್ತು. ಅದನ್ನು ಬಿಚ್ಚುವಾಗ ನಾನು ಅಳುತ್ತಿದ್ದೆ. ಮೊಮ್ಮಗಳಿಗೆ ರಿಬ್ಬನ್ ಮೊಗ್ಗಿನ ಜಡೆ ಮಾಡಿಕೊಟ್ಟಿದ್ದು ಅದಕ್ಕೇ. ಘಮ ಇಲ್ಲ, ಒಪ್ಪುತ್ತೇನೆ. ಆದರೆ ಮೂರು ವರ್ಷದಿಂದ ಪೆಟ್ಟಿಗೆಯಲ್ಲಿ ಹಾಗೇ ಇದೆ.

ಮೊಗ್ಗಿಗೆ ಅರ್ಧ ಇಂಚಿನ ಬಿಳಿ ರಿಬ್ಬನ್, ಎರಡೂ ಕಡೆ ಹೊಳಪಿನದು. 8 ಸೆಂ.ಮೀ. ತುಂಡು ಮಾಡಿ ನಡುವೆ ಒಂದು ಗಂಟು ಹಾಕಿ. ಬಿಗಿ ಬೇಡ, ಗಂಟು ದುಂಡಗೆ ಉಬ್ಬಿರಬೇಕು. ಎರಡು ತುದಿಯನ್ನೂ ಕೆಳಕ್ಕೆ ಮಡಚಿ ಒಟ್ಟಿಗೆ ಹಿಡಿದು ಬುಡದಲ್ಲಿ ದಾರ ಸುತ್ತಿ. ಗಂಟೇ ಮೊಗ್ಗಿನ ತಲೆ. ಬುಡಕ್ಕೆ ಸಣ್ಣ ಹಸಿರು ರಿಬ್ಬನ್ ಸುತ್ತಿದರೆ ತೊಟ್ಟು. ಅಚ್ಚ ಬಿಳಿ ತರಬೇಡಿ, ಸುಣ್ಣದ ಹಾಗೆ ಕಾಣುತ್ತದೆ. ಸ್ವಲ್ಪ ಕೆನೆ ಬಣ್ಣ ಇರಲಿ.

ಕನಕಾಂಬರ ಇನ್ನೂ ಸುಲಭ. ಆ ಹೂವನ್ನು ಹತ್ತಿರದಿಂದ ನೋಡಿದ್ದೀರಾ? ಅದು ದುಂಡಗೆ ಅರಳುವುದಿಲ್ಲ. ಬೀಸಣಿಗೆಯ ಹಾಗೆ ಒಂದೇ ಕಡೆಗೆ ಬಿಚ್ಚಿಕೊಳ್ಳುತ್ತದೆ, ಐದು ಹಾಲೆ. ಕೆಳಗೆ ಸಣ್ಣ ಕೊಳವೆ. 1 ಇಂಚಿನ ಕಿತ್ತಳೆ ರಿಬ್ಬನ್ 7 ಸೆಂ.ಮೀ. ಕತ್ತರಿಸಿ, ಒಂದು ಉದ್ದದ ಬದಿಗೆ ಓಟದ ಹೊಲಿಗೆ (ಸೂಜಿ ಮೇಲೆ ಕೆಳಗೆ ಹಾಯಿಸುತ್ತಾ ಹೋಗುವ ಹೊಲಿಗೆ) ಹಾಕಿ, ದಾರ ಎಳೆಯಿರಿ. ನೆರಿಗೆ ಕೂಡಿ ಬೀಸಣಿಗೆ ಆಗುತ್ತದೆ. ಮೇಲಿನ ಅಂಚನ್ನು ನಾಲ್ಕು ಕಡೆ ಸ್ವಲ್ಪ ಸೀಳಿ ಊದುಬತ್ತಿ ತುದಿ ತಾಕಿಸಿದರೆ ಐದು ಹಾಲೆ ಬಂತು. ಪಾಲಿಯೆಸ್ಟರ್ ಬಿಸಿಗೆ ಮುದುರುತ್ತದೆ, ಅದೇ ನಮಗೆ ಅನುಕೂಲ. ಎಸಳಿಗೆ ನಿಜವಾದ ಹೂವಿನ ಬಳುಕು ಬರುತ್ತದೆ.

ಹೂ ಮುಡಿಯುವವಳು
ಅಕ್ಟೋಬರ್ 15, ಸಂಜೆ 5:30

ಅಮ್ಮ, ನಮ್ಮ ಮನೆಯಲ್ಲೂ ಅಂಥದೇ ಫೋಟೋ ಇದೆ, ನಮ್ಮ ಅತ್ತೆಯದು. ಕನಕಾಂಬರ ಮಾಡಿ ನೋಡಿದೆ. ಮೂರನೆಯದಕ್ಕೆ ಕೈ ಕೂತಿತು. ಇನ್ನು ನಾನು ವಾದ ಮಾಡುವುದಿಲ್ಲ. ನಮ್ಮ ಹೂವಿನ ಆಕಾರ ಉಳಿಯಲಿ ಅನ್ನುವುದಷ್ಟೇ ನನ್ನ ಆಸೆ ಇತ್ತು.

ಪಾಂಡವಪುರ ಅಮ್ಮ
ಅಕ್ಟೋಬರ್ 16, ಮಧ್ಯಾಹ್ನ 12:20

ಮಂಡ್ಯದ ತಂಗಿ, ನಿನ್ನ ಗಂಟೆಗಳನ್ನೂ ಲೆಕ್ಕ ಹಾಕು. ಹೂವಿಗೆ 25 ನಿಮಿಷ ಅಂದರೂ 60ಕ್ಕೆ 25 ಗಂಟೆ. ರಿಬ್ಬನ್, ಫೆಲ್ಟ್, ಮುತ್ತಿನ ದುಡ್ಡು ಮಾತ್ರ ಹೇಳಿ ಕೆಲಸವನ್ನು ಸುಮ್ನೆ ಬಿಟ್ಟುಕೊಡಬೇಡ. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಒಬ್ಬಳು ಚೌಕ ಕತ್ತರಿಸುತ್ತಾಳೆ, ಒಬ್ಬಳು ಮಡಚಿ ಸುಡುತ್ತಾಳೆ, ಇಬ್ಬರು ಪೋಣಿಸಿ ಹೊಲಿಯುತ್ತಾರೆ. ಒಬ್ಬಳೇ ಎಲ್ಲ ಮಾಡುವುದಕ್ಕಿಂತ ಬೇಗ ಆಗುತ್ತದೆ. ಎಸಳೂ ಒಂದೇ ಸಮ ಬರುತ್ತದೆ.

ಟೇಪುಹೂ, ಮಂಡ್ಯ
ಅಕ್ಟೋಬರ್ 24, ರಾತ್ರಿ 10:05

ಪಕ್ಕದ ಮನೆಯ ಅಕ್ಕನನ್ನು ಸೇರಿಸಿಕೊಂಡೆ. ಬಂದದ್ದರಲ್ಲಿ ಅರ್ಧ ಅವರಿಗೆ. ಶಾಲೆಯವರಿಗೆ ಗಂಟೆಯ ಲೆಕ್ಕ ಬರೆದು ತೋರಿಸಿದೆ, ಒಪ್ಪಿದರು. 41 ಹೂ ಮುಗಿದಿದೆ. ಒಂದು ಸಲ ಸುಡುವ ದಾರಿ ಹಿಡಿದ ಮೇಲೆ ಹಳದಿಯಲ್ಲಿ ಒಂದೂ ಕಪ್ಪು ಗೆರೆ ಇಲ್ಲ. ಹೊಲಿದ ಹೂವನ್ನು ಕೈಯಲ್ಲಿ ಹಿಡಿದು ಜೋರಾಗಿ ಕೊಡವಿ ನೋಡುತ್ತೇನೆ, ಅಲ್ಲಾಡುವುದಿಲ್ಲ.

ಎಣ್ಣೆ ಕಲೆ ಆದರೆ ತೊಳೆಯಬಹುದಾ?

ಶ್ರೀರಂಗಪಟ್ಟಣದ ಸೊಸೆ
ಅಕ್ಟೋಬರ್ 25, ಬೆಳಿಗ್ಗೆ 9:30

ಪಾತ್ರೆ ತೊಳೆಯುವ ದ್ರವ ಎರಡು ಹನಿ, ತಣ್ಣೀರು. ಐದು ನಿಮಿಷ ನೆನೆಸಿ, ಉಜ್ಜದೆ ಅದ್ದಿ ತೆಗೆಯಿರಿ. ಟವೆಲ್ ಮೇಲೆ ಮಗುಚಿಟ್ಟು ನೆರಳಲ್ಲಿ ಒಣಗಿಸಿ. ಹಿಂಡಬೇಡಿ. ಇಸ್ತ್ರಿ ಬೇಡವೇ ಬೇಡ.

ಟೇಪುಹೂ, ಮಂಡ್ಯ
ನವೆಂಬರ್ 1, ರಾತ್ರಿ 8:50

ಕಾರ್ಯಕ್ರಮ ಮುಗಿಯಿತು. ಬಿಸಿಲಲ್ಲಿ ಮೆರವಣಿಗೆ, ಆಮೇಲೆ ಎರಡು ಹಾಡಿಗೆ ಕುಣಿತ. 58 ಹೂ ನಿಂತವು. ಬಿದ್ದ ಎರಡನ್ನು ತಿರುಗಿಸಿ ನೋಡಿದೆ. ಹೂ ಫೆಲ್ಟಿಗೆ ಗಟ್ಟಿಯಾಗಿಯೇ ಇತ್ತು. ಎಲಾಸ್ಟಿಕ್ ಬಳೆಯ ಗಂಟು ಬಿಚ್ಚಿಕೊಂಡಿತ್ತು. ಮುಂದಿನ ಸಲ ಎಲಾಸ್ಟಿಕ್ಕಿನ ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಲಿಯುತ್ತೇನೆ, ಗಂಟು ಹಾಕುವುದಿಲ್ಲ. ಅವತ್ತು ಅಳುತ್ತಿದ್ದ ಮಗು ಇವತ್ತು ಹೂ ಬಿಚ್ಚಲು ಬಿಡದೆ ಮನೆಗೆ ಹೋಯಿತು.

ಒಬ್ಬರು ತಾಯಿ ಬಂದು ಮಗಳ ಆರತಿಗೆ ಮೊಗ್ಗಿನ ಜಡೆ ಕೇಳಿದ್ದಾರೆ. ಜಡೆಬಿಲ್ಲೆ ಅಮ್ಮ, ಒಂದು ಜಡೆಗೆ ಎಷ್ಟು ಮೊಗ್ಗು ಬೇಕು?

ಜಡೆಬಿಲ್ಲೆ, ಮೈಸೂರು
ನವೆಂಬರ್ 1, ರಾತ್ರಿ 9:30

ಮಗುವಿನ ಜಡೆ ಮೊದಲು ಅಳತೆ ಮಾಡು. ನನ್ನ ಮೊಮ್ಮಗಳದು ಒಂದೂವರೆ ಮೊಳ, 160 ಮೊಗ್ಗು ಹಿಡಿಯಿತು. ಅಂದರೆ ಸುಮಾರು 13 ಮೀಟರ್ ರಿಬ್ಬನ್. ಗಂಟುಗಳನ್ನು ಮೊದಲು ಎಲ್ಲ ಹಾಕಿಟ್ಟುಕೊ, ಹೊಲಿಗೆ ಆಮೇಲೆ. ಭಾನುವಾರ ಮೈಸೂರಿಗೆ ಬರುವುದಾದರೆ ನನ್ನ ಜಡೆಯನ್ನೇ ತೋರಿಸುತ್ತೇನೆ, ಹಿಂದಿನ ಬದಿಯ ಹೊಲಿಗೆ ನೋಡಿಕೊಂಡು ಹೋಗು.